ಹೀರೆಯ ಹೂವು ಅರಳುವ ಹೊತ್ತು

(ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ‘ಮನೆಯ ಕೈತೋಟ, ಮಕ್ಕಳು ಮತ್ತು ವಿಜ್ಞಾನ’ ಎಂಬ ವಿಷಯವಾಗಿ ನೀಡಿದ ಉಪನ್ಯಾಸದ ಪಠ್ಯ)



ಕೈತೋಟದ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿರುವುದು ಸ್ವಲ್ಪ ವಿಚಿತ್ರವೇ ಸರಿ. ನಾನು ಕೃಷಿ ವಿಜ್ಞಾನಿಯಲ್ಲ, ವಿಜ್ಞಾನದ ಅಧ್ಯಾಪಕನೂ ಅಲ್ಲ. ಕನ್ನಡದಲ್ಲಿ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅನುವಾದಕನಾಗಿ ಕೆಲಸ ಮಾಡುತ್ತಿರುವವನು. ಕೃಷಿ, ಆರೋಗ್ಯ, ಪೌಷ್ಟಿಕ ಆಹಾರ ಇತ್ಯಾದಿ ವಿಷಯಗಳ ಕಿರುಹೊತ್ತಗೆಗಳನ್ನು ಇಂಗ್ಲಿಷಿನಿಂದಲೂ ಹಿಂದಿಯಿಂದಲೂ ಕನ್ನಡಕ್ಕೆ ತರುವುದು ನನ್ನ ಉದ್ಯೋಗ. ‘ಪರಾಗಸ್ಪರ್ಶ’ ಎಂಬ ಪದವನ್ನು ಈ ವರ್ಷಗಳಲ್ಲಿ ಎಷ್ಟು ಬಾರಿ ಬರೆದಿರುವೆನೋ ಲೆಕ್ಕವಿಲ್ಲ. ಸಮಾಸ ಸೊಗಸಾಗಿದೆ, ಅರ್ಥ ನಿಖರವಾಗಿದೆ, ಕರಡಚ್ಚು ತಿದ್ದುವವರು ಒಮ್ಮೆಯೂ ಆಕ್ಷೇಪಿಸಲಿಲ್ಲ. ಆದರೆ ಆ ಸ್ಪರ್ಶವನ್ನು ನಾನು ಕಣ್ಣಾರೆ ಕಂಡದ್ದು ನಲವತ್ತು ದಾಟಿದ ಮೇಲೆ, ನಮ್ಮ ಮನೆಯ ತಾರಸಿಯಲ್ಲಿ, ಹತ್ತು ವರ್ಷದ ಮಗಳ ಪ್ರಶ್ನೆಗೆ ಉತ್ತರ ತೋಚದೆ ನಿಂತಾಗ. ಆ ಪ್ರಸಂಗವನ್ನೇ ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಮೆಹದಿಪಟ್ಟಣಂ ಎಂತಹ ಸ್ಥಳವೆಂಬುದನ್ನು ತಾವು ಬಲ್ಲಿರಿ. ಇಲ್ಲಿಂದ ಆರಾಂಘರ್‌ವರೆಗೆ 2009ರಲ್ಲಿ ತೆರೆದ ಮೇಲ್ಸೇತುವೆಯೇ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಅದರ ಮೇಲೆ ಒಂದು ಸಂಚಾರ, ಕೆಳಗೆ ಇನ್ನೊಂದು. ಅಂಗಳವೆಂಬ ಪದಕ್ಕೆ ಇಲ್ಲಿ ಅರ್ಥವೇ ಉಳಿದಿಲ್ಲ. ನಮ್ಮ ಪಾಲಿಗೆ ಇರುವುದು ನಾಲ್ಕನೆಯ ಮಹಡಿಯ ಮೇಲಿನ ತಾರಸಿಯ ಒಂದು ಮೂಲೆ. ಬೀದರ್ ಜಿಲ್ಲೆಯ ಹಳ್ಳಿಯಿಂದ ನನ್ನ ತಾಯಿ ಬಂದು ನಮ್ಮೊಡನೆ ಇರತೊಡಗಿದ ವರ್ಷ, ಸೆರಗಿನಲ್ಲಿ ಕಟ್ಟಿ ತಂದಿದ್ದ ಹೀರೆಯ ಬೀಜಗಳನ್ನು ಜೂನ್ ತಿಂಗಳಿನಲ್ಲಿ ಒಂದು ದೊಡ್ಡ ಡ್ರಮ್ಮಿನಲ್ಲಿ ಊರಿದರು. ಬಳ್ಳಿ ಹಬ್ಬಿತು, ಸುಮಾರು ಒಂದೂವರೆ ತಿಂಗಳಿಗೆ ಹೂ ಬಿಟ್ಟಿತು. ಹೂವಿನ ಹಿಂದೆ ಕಿರುಬೆರಳಿನಷ್ಟು ಮಿಡಿಗಳೂ ಕಂಡವು. ಮನೆಯವರೆಲ್ಲ ಹಿಗ್ಗಿದೆವು. ನಾಲ್ಕೇ ದಿನಗಳಲ್ಲಿ ಮಿಡಿಗಳು ಒಂದೊಂದಾಗಿ ಹಳದಿಯಾಗಿ ಉದುರಿದವು.

“ಅಪ್ಪಾ, ಇವು ಯಾಕ ಬೀಳ್ತಾವು?” ಎಂದು ಮಗಳು ಕೇಳಿದಳು. “ಪರಾಗಸ್ಪರ್ಶ ಆಗಿಲ್ಲ” ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. “ಯಾಕ ಆಗಿಲ್ಲ?” ಎಂದಳು. ನನ್ನ ಬಳಿ ಇದ್ದದ್ದು ಪದ ಮಾತ್ರ. ಅಷ್ಟರಲ್ಲಿ ನನ್ನ ತಾಯಿ, ಎದುರು ಮನೆಯವರ ದೃಷ್ಟಿ ತಾಕಿದೆಯೆಂದು ಹಂದರದ ಕಂಬಕ್ಕೆ ಹಳೆಯ ಚಪ್ಪಲಿಯೊಂದನ್ನು ಕಟ್ಟಿ ಕೆಳಗಿಳಿದರು. ಒಂದು ಪ್ರಶ್ನೆ, ಎರಡು ಉತ್ತರ. ಪ್ರಾಮಾಣಿಕವಾಗಿ ನೋಡಿದರೆ ಎರಡೂ ಒಂದೇ ಬಗೆಯವು. ಎರಡರಲ್ಲಿಯೂ ಯಾರೂ ಏನನ್ನೂ ಪರೀಕ್ಷಿಸಿರಲಿಲ್ಲ.

ಮುಂದಿನದನ್ನು ನಡೆಸಿದವಳು ಮಗಳೇ. ಅವಳು ಮೊದಲು ಮಾಡಿದ್ದು ಸುಮ್ಮನೆ ನೋಡುವುದು. ಬಳ್ಳಿಯಲ್ಲಿ ಎರಡು ಬಗೆಯ ಹೂಗಳಿವೆಯೆಂದು ಒಂದು ವಾರದಲ್ಲಿ ಕಂಡುಕೊಂಡಳು. ಗೊಂಚಲಾಗಿ ಬರುವ ಹೂಗಳಿಗೆ ಹಿಂದೆ ಬರೀ ತೊಟ್ಟು. ಒಂಟಿಯಾಗಿ ಬರುವ ಹೂವಿನ ಹಿಂದೆ ಪುಟ್ಟ ಮಿಡಿ. ಮೊದಲನೆಯದು ಗಂಡು ಹೂ, ಎರಡನೆಯದು ಹೆಣ್ಣು ಹೂ. ಆ ಮಿಡಿಯೇ ಅಂಡಾಶಯ. ಮಿಡಿ ಕಂಡೊಡನೆ ಕಾಯಿ ಕಚ್ಚಿತೆಂದು ನಾವು ಹಿಗ್ಗಿದ್ದೇ ತಪ್ಪು. ಪರಾಗ ತಾಕಲಿ ಬಿಡಲಿ, ಹೆಣ್ಣು ಹೂವಿನ ಹಿಂದೆ ಮಿಡಿ ಇದ್ದೇ ಇರುತ್ತದೆ. ಪರಾಗ ಸೇರಿ ಬೀಜ ಕಟ್ಟತೊಡಗಿದರೆ ಮಾತ್ರ ಅದು ಬೆಳೆಯುತ್ತದೆ; ಇಲ್ಲವಾದರೆ ಬಳ್ಳಿ ಅದನ್ನು ಕಳಚಿಬಿಡುತ್ತದೆ.

ಆದರೆ ಶಾಲೆಗೆ ಹೋಗುವ ಮುನ್ನ ತಾರಸಿಗೆ ಹೋದರೆ ಹೂಗಳೆಲ್ಲ ಬಾಡಿರುತ್ತಿದ್ದವು. ಹೂವು ಬೆಳಗ್ಗೆ ಅರಳುತ್ತದೆ, ಜೇನು ಬರುತ್ತದೆ ಎಂದು ಅವಳ ಪುಸ್ತಕದ ಚಿತ್ರ ಹೇಳುತ್ತಿತ್ತು. ಈ ಗೋಜಲನ್ನು ಬಿಡಿಸಿದವರು ನನ್ನ ತಾಯಿ. ಅಕ್ಕಿ ಆರಿಸುತ್ತಾ, ತಲೆಯೆತ್ತದೆಯೇ ಹೇಳಿದರು: “ಹೀರಿ ಹೂ ದೀಪ ಹಚ್ಚೋ ಹೊತ್ತಿಗಿ ಅರಳ್ತದವ್ವ. ಮುಂಜಾನಿ ನೋಡಿದ್ರ ಏನ್ ಸಿಗ್ತದ?”

ಈ ಮಾತು ಸಸ್ಯವಿಜ್ಞಾನದ ದೃಷ್ಟಿಯಿಂದ ಅಕ್ಷರಶಃ ನಿಜ. ಹೀರೆಯ ಹೂವು ಸಂಜೆ ಐದರಿಂದ ಎಂಟರೊಳಗೆ ಅರಳುತ್ತದೆ. ಸೋರೆಯ ಬಿಳಿಯ ಹೂವೂ ಸಂಜೆಯದೇ. ಆದರೆ ಹೀರೆಯ ಹತ್ತಿರದ ಬಂಧುವಾದ ತುಪ್ಪದ ಹೀರೆ, ಹಾಗೆಯೇ ಕುಂಬಳ, ಹಾಗಲ ಇವುಗಳ ಹೂ ಅರಳುವುದು ನಸುಕಿನಲ್ಲಿ. ಸಂಜೆ ಅರಳುವ ಹೂವಿಗೆ ಮುಖ್ಯ ಅತಿಥಿ ಪತಂಗ. ವಾಹನಗಳ ಹೊಗೆ, ದೀಪಗಳ ಝಗಝಗ, ಸುತ್ತಮುತ್ತ ಗಿಡಮರಗಳಿಲ್ಲದ ಕಾಂಕ್ರೀಟು. ಇವುಗಳ ನಡುವೆ ನಾಲ್ಕನೆಯ ಮಹಡಿಗೆ ಆ ಅತಿಥಿ ಬರುತ್ತದೆಯೇ? ಇದೀಗ ಪರೀಕ್ಷಿಸಬಹುದಾದ ಪ್ರಶ್ನೆಯಾಯಿತು.

ಪರೀಕ್ಷೆಯನ್ನು ಹೀಗೆ ಮಾಡಿದೆವು. ಅರಳಲಿರುವ ಹೆಣ್ಣು ಮೊಗ್ಗುಗಳನ್ನು ಮಧ್ಯಾಹ್ನವೇ ಗುರುತಿಸಿ ಬಣ್ಣದ ದಾರ ಕಟ್ಟುವುದು. ಕೆಂಪು ದಾರದ ಮೊಗ್ಗಿಗೆ ಕಾಗದದ ಚೀಲ ತೊಡಿಸಿ, ಸಂಜೆ ಹೂ ಅರಳಿದಾಗ ಚೀಲ ತೆಗೆದು, ಆಗತಾನೆ ಅರಳಿದ ಗಂಡು ಹೂವೊಂದನ್ನು ಕಿತ್ತು ಅದರ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೆಲ್ಲಗೆ ತಾಕಿಸಿ, ಮತ್ತೆ ಚೀಲ ತೊಡಿಸುವುದು. ಬಿಳಿ ದಾರದ ಮೊಗ್ಗಿಗೆ ಚೀಲ ಮಾತ್ರ, ಏನನ್ನೂ ತಾಕಿಸುವುದಿಲ್ಲ. ಹಸಿರು ದಾರದ್ದನ್ನು ಅದರ ಪಾಡಿಗೆ ತೆರೆದಿಡುವುದು. ಚೀಲಗಳನ್ನು ಮರುದಿನ ಬೆಳಗ್ಗೆ ತೆಗೆಯುವುದು. ಹೆಣ್ಣು ಹೂಗಳು ದಿನಕ್ಕೆ ಒಂದೋ ಎರಡೋ ಬರುವುದರಿಂದ ಬಗೆಗೆ ನಾಲ್ಕರಂತೆ ಹನ್ನೆರಡು ಹೂ ಮುಗಿಸಲು ಹತ್ತು ಸಂಜೆಗಳಾದವು. ಫಲಿತಾಂಶ: ಕೆಂಪು ದಾರದ ನಾಲ್ಕರಲ್ಲಿ ಮೂರು ಕಾಯಿಯಾದವು. ಬಿಳಿಯವು ನಾಲ್ಕೂ ಉದುರಿದವು. ಹಸಿರಿನಲ್ಲಿ ಒಂದು ಉಳಿಯಿತು.

ಆ ಹಸಿರು ದಾರದ ಒಂದೇ ಒಂದು ಕಾಯಿ ಮಗಳಿಗೆ ಉಳಿದ ಮೂರಕ್ಕಿಂತ ದೊಡ್ಡದಾಯಿತು. “ಅಂದ್ರ ಯಾವುದೋ ಒಂದು ಹುಳ ಇಲ್ಲೀತನಕ ಬಂದಿತ್ತು!” ಎಂದು ಅವಳು ನಿರ್ಣಯಿಸಿದಳು. ಮೂರು ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಕಾದ ಮೇಲೆ ಬೂದುಬಣ್ಣದ ಪತಂಗವೊಂದು ಹೂವಿನಿಂದ ಹೂವಿಗೆ ಹೋಗುವುದನ್ನು ನಾವೆಲ್ಲ ಕಂಡೆವು. ಕೆಂಪು ದಾರದ ನಾಲ್ಕನೆಯದು ಏಕೆ ಉದುರಿತೆಂಬುದು ಅವಳ ಪುಸ್ತಕದಲ್ಲಿ ಇಂದಿಗೂ ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಇದೆ. ಇನ್ನು ಚಪ್ಪಲಿಯ ವಿಚಾರ. ಅಜ್ಜಿಗೆ ಅವಳು ಹೇಳಿದ ಮಾತನ್ನು ನಾನು ಮರೆಯಲಾರೆ: “ಆಯಿ, ಚಪ್ಪಲಿ ಎಲ್ಲಾ ಹೂವಿನ ಮ್ಯಾಲೂ ಒಂದೇ ತೆರ ನೇತಾಡ್ತಿತ್ತಲ್ಲ. ಮತ್ತ ಬಿಳಿ ದಾರದ್ದಷ್ಟೇ ಯಾಕ ಬಿದ್ದವು?” ನಿಯಂತ್ರಿತ ಪ್ರಯೋಗವೆಂದರೇನು ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆಯನ್ನು ನಾನಂತೂ ಅನುವಾದಿಸಿಲ್ಲ. ತಾಯಿ ನಕ್ಕರು. ಚಪ್ಪಲಿಯನ್ನು ಮಾತ್ರ ಬಿಚ್ಚಲಿಲ್ಲ. ಇರಲಿ, ಹೂವು ಅರಳುವ ಹೊತ್ತನ್ನು ತಿಳಿಸಿಕೊಟ್ಟವರೂ ಅವರೇ ಅಲ್ಲವೇ?

ಕೈತೋಟ ಮಾಡಿದರೆ ಮಕ್ಕಳು ತಾವಾಗಿಯೇ ವಿಜ್ಞಾನ ಕಲಿಯುತ್ತಾರೆ ಎಂಬ ಮಾತನ್ನು ನಮ್ಮ ಪ್ರಕಟಣೆಗಳಲ್ಲಿ ನಾನೇ ಬರೆದಿದ್ದೇನೆ. ಈಗ ಆ ವಾಕ್ಯವನ್ನು ಹಾಗೆಯೇ ಬರೆಯಲಾರೆ. ಮಗು ನೀರು ಹಾಕಿ, ಗೊಬ್ಬರ ಹಾಕಿ, ಕಾಯಿ ಕೊಯ್ದು ಕೊಟ್ಟರೆ ಅದು ತೋಟಗಾರಿಕೆ; ಒಳ್ಳೆಯದೇ. ಅದು ವಿಜ್ಞಾನವಾಗಬೇಕಾದರೆ ಮಗುವಿನ ಪ್ರಶ್ನೆ ಮತ್ತು ನಮ್ಮ ಉತ್ತರದ ನಡುವೆ ಕೆಲವು ದಿನಗಳ ಅಂತರವಿರಬೇಕು. ಆ ಅಂತರದಲ್ಲಿ ಹಿರಿಯರು ಬಾಯಿ ಮುಚ್ಚಿಕೊಂಡಿರಬೇಕು. ಇದು ಗೊಬ್ಬರ ಹೊರುವುದಕ್ಕಿಂತ ಕಷ್ಟದ ಕೆಲಸ, ಅದರಲ್ಲಿಯೂ ನನ್ನಂತೆ ಪದಗಳನ್ನು ಕೂಡಿಟ್ಟುಕೊಂಡವರಿಗೆ.

ಪದ ತಿಳಿದೂ ವಸ್ತು ಕಾಣದೆ ಹೋಗುವ ಈ ದೋಷ ನನ್ನಂತಹ ಗುಮಾಸ್ತರದಷ್ಟೇ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬ ವೈದ್ಯನೊಬ್ಬ ಗಿಡದ ಮೈ ಎಲ್ಲಿಂದ ಬರುತ್ತದೆ ಎಂದು ತಿಳಿಯಲು, ಒಣಗಿಸಿ ತೂಗಿದ ಸುಮಾರು 90 ಕಿಲೋ ಮಣ್ಣಿನಲ್ಲಿ ಎರಡು ಕಿಲೋ ಚಿಲ್ಲರೆ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ಬರೀ ನೀರೆರೆದ. ಕೊನೆಗೆ ಮರ ಸುಮಾರು 76 ಕಿಲೋ ತೂಗಿತು. ಮಣ್ಣು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾದದ್ದು 60 ಗ್ರಾಮಿನಷ್ಟು. ಆದ್ದರಿಂದ ಮರದ ಮೈಯೆಲ್ಲ ನೀರಿನಿಂದಲೇ ಆದದ್ದೆಂದು ಅವನು ತೀರ್ಮಾನಿಸಿದ. ಅವನ ಬರಹಗಳು ಅವನು ಗತಿಸಿದ ಮೇಲೆ 1648ರಲ್ಲಿ ಪ್ರಕಟವಾದವು. ಸ್ವಾರಸ್ಯವೆಂದರೆ, ನಾವು ದಿನವೂ ಬಳಸುವ ‘ಗ್ಯಾಸ್’ ಎಂಬ ಪದವನ್ನು ಸೃಷ್ಟಿಸಿದವನು ಇದೇ ವಾನ್ ಹೆಲ್ಮಾಂಟ್. ಇದ್ದಿಲು ಉರಿದಾಗ ಹೊರಡುವ ಅನಿಲವನ್ನು ಅವನು ಗುರುತಿಸಿದ್ದ. ಅದೇ ಅನಿಲ, ಅಂದರೆ ಇಂಗಾಲದ ಡೈಆಕ್ಸೈಡ್, ಎಲೆಯೊಳಗೆ ಹೋಗಿ ಮರವಾಗುತ್ತದೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅದಕ್ಕೆ ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಅವನ ಪ್ರಯೋಗವನ್ನು ಕುಂಡದಲ್ಲಿ ಮೂರು ತಿಂಗಳಲ್ಲಿ ಮಾಡಬಹುದು. ಒಣ ಮಣ್ಣನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬೆಂಡೆಯನ್ನೋ ಬದನೆಯನ್ನೋ ಬೆಳೆದು, ಗಿಡವನ್ನು ಬೇರುಸಹಿತ ಕಿತ್ತು ಒಣಗಿಸಿ, ಮಣ್ಣನ್ನೂ ಒಣಗಿಸಿ ಮತ್ತೆ ತೂಗುವುದು. ಮಣ್ಣು ಒಂದಿಷ್ಟು ಚೆಲ್ಲುತ್ತದೆ, ಬೇರಿಗೆ ಅಂಟುತ್ತದೆ, ಲೆಕ್ಕ ಸರಿಹೋಗುವುದಿಲ್ಲ. ಸರಿಹೋಗದಿರುವುದು ಏಕೆಂದು ಹುಡುಕುವುದೇ ಪಾಠ. ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂದು ನಂಬಿರುವ ದೊಡ್ಡವರೂ ನಮ್ಮಲ್ಲಿ ಕಡಿಮೆಯಿಲ್ಲ.

ಹಾಗೆಯೇ ಅಲಸಂದೆ. ಒಂದು ಕುಂಡದಲ್ಲಿ ಹೊಲದ ಮಣ್ಣು, ಇನ್ನೊಂದರಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಬಿತ್ತಿರಿ. ಹೂ ಬಿಡುವ ಕಾಲಕ್ಕೆ ಎರಡನ್ನೂ ಮೆಲ್ಲಗೆ ಕಿತ್ತು ಬೇರು ತೊಳೆಯಿರಿ. ಹೊಲದ ಮಣ್ಣಿನ ಬೇರಿನಲ್ಲಿ ರಾಗಿಕಾಳು, ಜೋಳದ ಕಾಳಿನಷ್ಟು ಗಂಟುಗಳಿರುತ್ತವೆ. ಇನ್ನೊಂದರಲ್ಲಿ ಸಾಮಾನ್ಯವಾಗಿ ಇಲ್ಲವೇ ಇಲ್ಲ, ಇದ್ದರೂ ಅಲ್ಪ. ಗಂಟನ್ನು ಬ್ಲೇಡಿನಿಂದ ಹಿರಿಯರು ಸೀಳಿ ತೋರಿಸಲಿ: ಒಳಗೆ ತಿಳಿಗೆಂಪು. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನ ಜಾತಿಗೇ ಸೇರಿದ ವಸ್ತು ಅದು. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿಕೊಟ್ಟರು. ಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವ ನಮ್ಮ ಕಡೆಯ ರೈತರು ಆ ಲಾಭವನ್ನು ಅದಕ್ಕೂ ಮೊದಲೇ ಅನುಭವದಿಂದ ಬಲ್ಲವರಾಗಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ.

ಬಳ್ಳಿಯ ಕುಡಿಬಳ್ಳಿಯನ್ನೂ ಗಮನಿಸಿ. ಕಡ್ಡಿಯನ್ನು ಹಿಡಿದ ಮೇಲೆ ಅದು ಹಳೆಯ ಟೆಲಿಫೋನಿನ ತಂತಿಯಂತೆ ಸುರುಳಿಯಾಗುತ್ತದೆ. ಸುರುಳಿಯನ್ನು ಬೆರಳಿನಿಂದ ಅನುಸರಿಸಿದರೆ ಅರ್ಧ ದಾರಿಯಲ್ಲಿ ಒಂದು ನೇರ ತುಣುಕು, ಅಲ್ಲಿಂದಾಚೆಗೆ ಸುರುಳಿ ಎದುರು ದಿಕ್ಕಿಗೆ! ಎರಡೂ ತುದಿ ಕಟ್ಟಿಹೋದ ದಾರವನ್ನು ಒಂದೇ ದಿಕ್ಕಿಗೆ ಸುರುಳಿ ಸುತ್ತಿದರೆ ದಾರ ಮುರಿಚಿಕೊಳ್ಳುತ್ತದೆ; ದಿಕ್ಕು ಬದಲಿಸಿದರೆ ಇಲ್ಲ. ಡಾರ್ವಿನ್ ಕಾಯಿಲೆಯಿಂದ ಮಲಗಿದ್ದ ದಿನಗಳಲ್ಲಿ ಇಂತಹ ಬಳ್ಳಿಗಳನ್ನು ಗಂಟೆಗಟ್ಟಲೆ ನೋಡುತ್ತಾ 1865ರಲ್ಲಿ ಅವುಗಳ ಮೇಲೆ ದೀರ್ಘ ಪ್ರಬಂಧವನ್ನೇ ಪ್ರಕಟಿಸಿದರು.

ಈಗ ಭಾಷೆಯ ವಿಚಾರ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಾರೆ, ಬೀದಿಯಲ್ಲಿ ತೆಲುಗು, ದಖನಿ ಆಡುತ್ತಾರೆ, ಮನೆಗೆ ಬಂದರೆ ಊಟ ತಿಂಡಿಗಷ್ಟೇ ಕನ್ನಡ. ತಾರಸಿಯಲ್ಲಿ ಈ ಭಾಷೆಗಳೆಲ್ಲ ಕೂಡಿದವು. ನಮ್ಮ ಪುಂಡಿ ಪಲ್ಲೆಯನ್ನು ಕೆಳಗಿನ ಮನೆಯ ತೆಲುಗು ತಾಯಿ ‘ಗೋಂಗೂರ’ ಎಂದರು. ಎದುರು ಮನೆಯವರು ‘ಅಂಬಾಡಾ’ ಎಂದರು. ಮೂವರೂ ಒಂದೇ ಗಿಡದ ಎಲೆ ಕಿತ್ತರು. ಒಂದು ಗಿಡಕ್ಕೆ ಒಂದು ಬೀದಿಯಲ್ಲೇ ಮೂರು ಹೆಸರಿದ್ದರೆ ಜಗತ್ತಿನಲ್ಲಿ ಎಷ್ಟಿರಬಹುದು? ಲಿನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದಗಳ ಹೆಸರಿನ ಪದ್ಧತಿಯನ್ನು ಏಕೆ ನೆಲೆಗೊಳಿಸಿದನೆಂದು ಮಗುವಿಗೆ ಆ ದಿನ ಬೇರೆ ಹೇಳಬೇಕಾಗಲಿಲ್ಲ. ಪುಂಡಿಯ ಹೂ, ಬೆಂಡೆಯ ಹೂ, ದಾಸವಾಳ, ಹತ್ತಿಯ ಹೂ, ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನಡುವಿನ ಕೇಸರಗಳ ಕೊಳವೆಯನ್ನು ನೋಡಿದರೆ ಅವು ಒಂದೇ ಕುಟುಂಬವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ ಒಣಗಿಸಿ, ಅದರ ಮೇಲೆ ಪುಂಡಿ ಎಲೆಯ ರಸ ಹಾಕಿದರೆ ಗುಲಾಬಿ, ಸಾಬೂನಿನ ನೀರು ಹಾಕಿದರೆ ಹಸಿರು ಛಾಯೆ. ಆಮ್ಲ, ಕ್ಷಾರಗಳ ಪಾಠಕ್ಕೆ ಪ್ರಯೋಗಾಲಯ ಬೇಕಾಗಿಲ್ಲ.

ಇದಾವುದೂ ಹೊಸ ವಿಚಾರವಲ್ಲ. ಕೈಕೆಲಸದ ಮೂಲಕವೇ ಕಲಿಕೆ ಎಂಬುದನ್ನು ಗಾಂಧೀಜಿ 1937ರ ವಾರ್ಧಾ ಸಮ್ಮೇಳನದಲ್ಲಿ ದೇಶದ ಮುಂದಿಟ್ಟರು. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಕನ್ನಡದಲ್ಲಿ ಒದಗಿಸಿದರು. ಮಧ್ಯಪ್ರದೇಶದ ಹೋಷಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಮಕ್ಕಳು ಪ್ರಯೋಗ ಮಾಡಿ ಉತ್ತರವನ್ನು ತಾವೇ ಬರೆದುಕೊಳ್ಳುತ್ತಿದ್ದರು. 2002ರಲ್ಲಿ ಅದು ನಿಂತಿತು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಶಾಲೆಗೆ ಪಾಠ ಮುಗಿಸುವ ಅವಸರವಿರುತ್ತದೆ. ಮನೆಗೆ ಆ ಅವಸರವಿಲ್ಲ ಎಂಬುದೊಂದೇ ನಮಗಿರುವ ಅನುಕೂಲ.

ಆರಂಭಿಸುವವರಿಗೆ ಕೆಲವು ಎಚ್ಚರಿಕೆಗಳು. ತಾರಸಿಯ ಮೇಲೆ ಮಣ್ಣು ಸುರಿದು ಪಾತಿ ಮಾಡಬೇಡಿ. ಒಂದು ಚದರ ಮೀಟರಿನಲ್ಲಿ 30 ಸೆಂಟಿಮೀಟರ್ ದಪ್ಪದ ಒದ್ದೆ ಮಣ್ಣು ಸುಮಾರು 500 ಕಿಲೋ ತೂಗುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಕುಂಡಗಳನ್ನು ತೊಲೆ, ಗೋಡೆಗಳಿರುವ ಅಂಚಿಗೆ ಇಡಿ. ಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕಾದ್ದರಿಂದ ತಟ್ಟೆಗಳನ್ನು ವಾರದಲ್ಲಿ ಎರಡು ಸಲವಾದರೂ ಬರಿದು ಮಾಡಿ ಉಜ್ಜಿರಿ. ರಾಸಾಯನಿಕ ಕೀಟನಾಶಕಗಳನ್ನು ಮಕ್ಕಳಿರುವ ತಾರಸಿಗೆ ತರಲೇಬೇಡಿ. ಸಸ್ಯಹೇನು ಬಂದರೆ ಕೆಲವು ದಿನ ಕಾಯಿರಿ. ಅವುಗಳ ಸಿಹಿ ದ್ರವಕ್ಕಾಗಿ ಕಾವಲು ಕಾಯುವ ಇರುವೆಗಳನ್ನೂ, ಅವುಗಳನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನೂ ಕಾಣುವಿರಿ. ಹೀರೆ, ಸೋರೆ, ಸೌತೆ ಇವುಗಳಲ್ಲಿ ಯಾವುದೇ ಕಾಯಿ ಕಹಿಯಾಗಿದ್ದರೆ ಬಿಸಾಡಿರಿ. ಆ ಕಹಿ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ. ಖರ್ಚಿನ ವಿಚಾರವನ್ನೂ ಮುಚ್ಚಿಡಬಾರದು. ಮಣ್ಣು, ಗೊಬ್ಬರ, ಡ್ರಮ್ಮು ಎಲ್ಲ ಸೇರಿಸಿದರೆ ನಮ್ಮ ಮೊದಲ ವರ್ಷದ ಹೀರೆಕಾಯಿ ಮೆಹದಿಪಟ್ಟಣಂ ರೈತು ಬಜಾರಿನ ಹೀರೆಕಾಯಿಗಿಂತ ಬಹಳ ದುಬಾರಿಯಾಗಿತ್ತು. ಆ ಲೆಕ್ಕ ಬರೆದವಳೂ ಮಗಳೇ. ಬಜಾರಿನಲ್ಲಿ ಕುಳಿತ ರೈತನಿಗೆ ಇಷ್ಟರಲ್ಲಿ ಹೇಗೆ ಗಿಟ್ಟುತ್ತದೆ ಎಂದು ಕೇಳಿದಳು. ಆ ಪ್ರಶ್ನೆಗೂ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ.

ಕೊನೆಯದಾಗಿ ನನ್ನ ತಪ್ಪೊಂದನ್ನು ಹೇಳಬೇಕು. ಎರಡನೆಯ ವರ್ಷ ಮಗಳು ಒಂದು ಬದನೆ ಸಸಿಯ ಎತ್ತರವನ್ನೂ ಎಲೆಗಳ ಸಂಖ್ಯೆಯನ್ನೂ ದಿನವೂ ಬರೆದಿಡುತ್ತಿದ್ದಳು. ಅವಳು ಎರಡು ದಿನ ಬಂಧುಗಳ ಮನೆಗೆ ಹೋದಾಗ ನೀರು ಹಾಕಲು ನಾನು ಮರೆತೆ. ಏಪ್ರಿಲ್ ತಿಂಗಳ ಬಿಸಿಲು, ಸಸಿ ಸುಟ್ಟುಹೋಯಿತು. ಅವಳು ಅಳುವುದನ್ನು ನೋಡಲಾರದೆ, ರಾತ್ರಿಯೇ ನರ್ಸರಿಯಿಂದ ಅಷ್ಟೇ ಎತ್ತರದ ಸಸಿಯೊಂದನ್ನು ತಂದು ಅದೇ ಕುಂಡದಲ್ಲಿ ನೆಟ್ಟೆ. ಬೆಳಗ್ಗೆ ಅವಳು ಪುಸ್ತಕ ಹಿಡಿದು ಮೇಲೆ ಹೋದಳು. ಆರು ಎಲೆಗಳಿರಬೇಕಾಗಿತ್ತು, ಒಂಬತ್ತು ಇದ್ದವು. ಕೆಳಗಿಳಿದು ಬಂದು, “ಅಪ್ಪಾ, ಇದು ನನ್ನ ಗಿಡ ಅಲ್ಲ” ಎಂದಳು. ನಾನು ಒಪ್ಪಿಕೊಂಡೆ. ಗಿಡ ಸತ್ತದ್ದಕ್ಕೆ ಅವಳು ಅಳಲಿಲ್ಲ. ಆದರೆ ಹತ್ತು ದಿನ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ. ಹನ್ನೊಂದನೆಯ ದಿನ ಹೊಸ ಪುಟದಲ್ಲಿ, ‘ಸಸಿ ಒಣಗಿದ್ದು: ಏಪ್ರಿಲ್ 18. ಕಾರಣ: ನೀರಿಲ್ಲ. ಹೊಸ ಸಸಿ, ಎಲೆ 9’ ಎಂದು ಬರೆದಳು. ಕನ್ನಡದಲ್ಲಿಯೇ ಬರೆದಿದ್ದಳು. ‘ಒಣಗಿದ್ದು’ ಎಂಬಲ್ಲಿ ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಚಿಕ್ಕ ಪೊಟ್ಟಣಗಳನ್ನಿಟ್ಟಿದ್ದೇವೆ. ಪ್ರತಿಯೊಂದರಲ್ಲಿ ನಮ್ಮ ಬಳ್ಳಿಯ ಹತ್ತು ಹೀರೆ ಬೀಜಗಳಿವೆ. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಬೆರಳ ಗೆಣ್ಣಿನಷ್ಟು ಆಳದಲ್ಲಿ ಊರಿರಿ. ಮಕ್ಕಳೇ, ಹತ್ತರಲ್ಲಿ ಎಷ್ಟು ಮೊಳೆತವು, ಎಷ್ಟು ದಿನಕ್ಕೆ ಮೊಳೆತವು ಎಂದು ಬರೆದಿಟ್ಟುಕೊಂಡು ಮುಂದಿನ ಕೂಟಕ್ಕೆ ತನ್ನಿ. ಒಂದೂ ಮೊಳೆಯದಿದ್ದರೆ ಅದನ್ನೂ ಬರೆದು ತನ್ನಿ.